ಶುಕ್ರವಾರದ ಎಂಗೇಜ್ ಲೈನು

ಶಿವಾಜಿನಗರದ ಜಹನಾರಾಗೆ ಗಂಡ ವಕಾರ್ ಮೇಲೆ ಎಷ್ಟು ಆಸೆಯೋ ಅಷ್ಟೇ ಸಿಟ್ಟು. ಸೌದಿಯ ದಮ್ಮಾಮಿನಲ್ಲಿ ಎಸಿ ರಿಪೇರಿ ಮಾಡುತ್ತಿದ್ದ ಆತ ಶುಕ್ರವಾರದ ನಮಾಜು ಮುಗಿಸಿ ಫೋನ್ ಮಾಡುವವನು. ಅದೊಂದು ದನಿಗಾಗಿ ಅವಳು ವಾರವೆಲ್ಲ ಹಲ್ಲು ಕಚ್ಚಿಕೊಂಡು ದಿನ ದೂಡುತ್ತಿದ್ದಳು. ಎರಡು ಸಾವಿರದ ಒಂದನೇ ಇಸವಿಯ ಮಳೆಗಾಲದಲ್ಲಿ ಆ ಫೋನು ಬರುವುದು ನಿಂತೇಹೋಯಿತು.

ಕಮ್ಮನಹಳ್ಳಿಯಲ್ಲಿ ಜಾವಾ ಪ್ರೋಗ್ರಾಮಿಂಗ್ ಕಲಿತವಳು ಜಹನಾರಾ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಹೋಗಲಾಗದೆ ದೊಮ್ಮಲೂರಿನ ಆಫೀಸಿನ ಕೆಲಸವನ್ನು ಮನೆಯಲ್ಲೇ ಮಾಡುತ್ತಿದ್ದಳು. ವಾರದ ಕೆಲಸವನ್ನು ಮೋಡೆಮ್ ಹಾಕಿ ಫೋನ್ ಲೈನಿನಲ್ಲಿ ಆಫೀಸಿಗೆ ಕಳಿಸಲು ಆಗಷ್ಟೇ ತಾನೇ ಒಂದು ಪ್ರೋಗ್ರಾಮು ಬರೆದಿದ್ದಳು. ಶುಕ್ರವಾರ ಮಧ್ಯಾಹ್ನ ಕಳಿಸಿ, ಮೂಲೆಯ ಗುಣಿಸು ಗುರುತು ಒತ್ತಿ, ಪರದೆಯ ಮೇಲಿನ ಕಿಟಕಿ ಮುಚ್ಚಿ, ತಲೆ ಬಾಚಿಕೊಂಡು ಫೋನಿನ ಪಕ್ಕ ಕೂರುವಳು. ರಿಸೀವರ್ ಮುಟ್ಟುವವಳಲ್ಲ. ಮಾಡುವವನು ಅವನು, ಅವನೇ ಮಾಡಲಿ ಎಂಬ ಹಟ. ಸಂಜೆ ಕಂಪ್ಯೂಟರ್ ಆರಿಸಿ, ಕಣ್ಣೊರೆಸಿಕೊಂಡು ಅಡುಗೆಗೆ ಏಳುವಳು.

ಒಂದು ಶುಕ್ರವಾರ ಎದುರು ಮನೆಯ ವಿಮಲಾಕ್ಷಿ ಬಾಗಿಲಿಗೆ ಬಂದರು. ಜಹನಾರಾ ಮನೆಗೆ ಫೋನು ಬರುವ ಮುಂಚೆ ಅವಳ ಕರೆಗಳು ಬರುತ್ತಿದ್ದ ಪಿ.ಪಿ. ನಂಬರು ಅವರ ಮನೆಯದೇ.

"ನಿಮ್ಮ ಯಜಮಾನ್ರು ನಮ್ಮನೇಗೆ ಮಾಡಿದ್ರು ಕಣಮ್ಮ. ಪ್ರತಿ ಶುಕ್ರವಾರ ನಿಮ್ಮ ಲೈನ್ ಎಂಗೇಜಂತೆ. ಅಷ್ಟೊತ್ತು ಯಾರ ಜೊತೆ ಮಾತಾಡ್ತಾಳೆ ಅಂತ ಕೇಳಿದ್ರು."

"ಯಾರ ಜೊತೇನೂ ಇಲ್ಲ ಆಂಟಿ, ಕಾಯ್ತಾ ಕೂತಿದ್ದೀನಿ."

ರಿಸೀವರ್ ಎತ್ತಿದಳು. ಡಯಲ್ ಟೋನಿಲ್ಲ, ಮೋಡೆಮ್ಮಿನ ಕರಕರ ಸದ್ದು. ಕಿಟಕಿ ಕಣ್ಮರೆಯಾಗಿತ್ತೇ ಹೊರತು ಪ್ರೋಗ್ರಾಮು ಒಳಗೇ ಓಡುತ್ತ ಲೈನನ್ನು ಹಿಡಿದೇ ಇತ್ತು. ಮುಚ್ಚುವಾಗ ಲೈನು ಬಿಡು ಎಂದು ಅವಳು ಬರೆದೇ ಇರಲಿಲ್ಲ. ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದಳು. ಅವನೋ ಅಲ್ಲಿ ಸುತ್ತಿ ಸುತ್ತಿ ಡಯಲ್ ಮಾಡಿದ್ದ.

ಕಂಪ್ಯೂಟರ್ ಮುಂದೆ ಕೂತು ಬರೆದಳು: ಕಿಟಕಿ ಮುಚ್ಚುವ ಹೊತ್ತಿಗೆ ಮೊದಲು ಕರೆ ಕಡಿ, ಮೋಡೆಮ್ ಬಿಡು, ಆಮೇಲೆ ಪ್ರೋಗ್ರಾಮು ಮುಗಿಸು. ಮುಚ್ಚಿ ನೋಡಿದಳು. ಡಯಲ್ ಟೋನು ಬಂತು. ಆ ಬೋಳು ಸದ್ದು ಅಷ್ಟು ಇಂಪೆಂದು ಅವಳಿಗೆ ಗೊತ್ತಿರಲಿಲ್ಲ.

ಮುಂದಿನ ಶುಕ್ರವಾರ ಫೋನು ಬಂತು. ಸಿಟ್ಟಿನಲ್ಲಿ ರಿಸೀವರ್ ತೆಗೆದಿಟ್ಟಿದ್ದೆಯಾ ಎಂದು ಕೇಳಿದ ವಕಾರ್. ನಡೆದದ್ದನ್ನು ಹೇಳಹೊರಟರೆ ಅಳುವೇ ಮುಂದಾಯಿತು. ಅಷ್ಟರಲ್ಲಿ ಅವನ ಫೋನ್ ಕಾರ್ಡಿನ ದುಡ್ಡು ಮುಗಿದು ಕರೆ ಕಡಿಯಿತು.

ಜಹನಾರಾ ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ. ಅವನ ಉಸಿರು ಇನ್ನೂ ಅಲ್ಲೇ ಇದೆಯೆನ್ನಿಸುತ್ತಿತ್ತು. ಆಮೇಲೆ, ಅವನು ಮತ್ತೆ ಮಾಡಿದರೆ ಲೈನು ಸಿಗಬೇಕಲ್ಲ ಎಂದು ಮೆಲ್ಲಗೆ ಕೆಳಗಿಟ್ಟಳು.