ಮೆಟ್ರೋನ ಗುಂಡಿ, ಮೆಟ್ರೋನ ಗುಂಡಿಗೆ

ನೆಸ್ಟರ್ ಒಲೆಸ್ಕೊ ತೀರಿಕೊಂಡ ಮೇಲಿನ ಮೊದಲ ಐಸ್ ಹಾಕಿ ಪಂದ್ಯದಲ್ಲಿ, ಇಡೀ ಝೋರಿಯಾ ಊರು ಅವನಿಗಾಗಿ ಒಂದು ನಿಮಿಷ ಎದ್ದು ನಿಂತು ಮೌನ ಆಚರಿಸುತ್ತಿದ್ದಾಗ, ಅವನು ಜೀವಮಾನವೆಲ್ಲ ಕಾಯ್ದ ಗೋಲಿನ ಹಿಂದೆ ಕೆಂಪು ದೀಪ ಹೊತ್ತಿಕೊಂಡಿತು.

ಕೆಂಪು ದೀಪ ಹೊತ್ತಿತೆಂದರೆ ಗೋಲಾಯಿತೆಂದು ಅರ್ಥ. ನಮ್ಮ ಸಸ್ಕಾಚೆವಾನ್ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಅರ್ಥ ಅದು. ಮಂಜುಗಡ್ಡೆಯ ಮೇಲೆ ಎರಡೂ ತಂಡದವರು ಹೆಲ್ಮೆಟ್ ತೆಗೆದು, ಕೋಲೂರಿಕೊಂಡು, ತಲೆ ತಗ್ಗಿಸಿ ನಿಂತಿದ್ದರು. ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆ ಇನ್ನೂ ರೆಫ್ರಿಯ ಜೇಬಿನಲ್ಲೇ ಇತ್ತು. ಆದರೂ ದೀಪ ಉರಿಯಿತು, ಉರಿಯುತ್ತಲೇ ಇತ್ತು. ಮೌನದ ದೊಡ್ಡ ತೊಂದರೆಯೆಂದರೆ ಅದು ಮುಗಿಯುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ಎದುರಾಳಿ ಕಾಲ್ಡರ್‌ವುಡ್‌ನ ಹುಡುಗರ ಹೆಗಲುಗಳು ಕುಲುಕತೊಡಗಿದವು. ಹಿಂದಿನ ಹಲಗೆ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ತಗಡಿನ ಚಾವಣಿಗೆ ಬಡಿದು ಎಲ್ಲರಿಗೂ ಕೇಳಿಸಿತು:

"ಪಾಪ, ಸತ್ತ ಮೇಲೂ ಬಿಡಲಿಲ್ಲ ನೋಡು. ಇನ್ನೊಂದು ಹೊಡೆದ್ರು."

ಗಡಿಯಾರದ ಪೆಟ್ಟಿಗೆಯಲ್ಲಿ ನಿಂತು ಆ ನಿಮಿಷವನ್ನು ಅಳೆಯುತ್ತಿದ್ದವಳು ನೆಸ್ಟರನ ಮಗಳು ವೇರಾ. ಪಂದ್ಯದ ಹೊತ್ತು ಕಾಯುವುದು ರಿಂಕ್ ಎಂಬ ಆ ಮಂಜಿನ ಅಂಕಣದಲ್ಲಿ ಅವಳ ಕೆಲಸ. ಹಾಗಾಗಿ ಅಪ್ಪನ ಮೌನಕ್ಕೂ ಅವಳೇ ಗಡಿಯಾರ ಹಿಡಿಯಬೇಕಾಗಿ ಬಂದಿತ್ತು. ಅಳು ಗಂಟಲವರೆಗೆ ಬಂದಿತ್ತು. ದೀಪ ಕಂಡದ್ದೇ ಅದು ಅಲ್ಲಿಯೇ ನಿಂತು, ಮುಂದೆ ಹೋಗುವುದೋ ಹಿಂದೆ ಹೋಗುವುದೋ ತಿಳಿಯದೆ, ಅರ್ಧ ನಗುವಿನ ಒಂದು ಬಿಕ್ಕಳಿಕೆಯಾಗಿ ಆಚೆ ಬಂತು.

ಗೋಲಿನ ಬೆನ್ನಿಗಿರುವ ಗಾಜಿನ ಗೂಡಿನಲ್ಲಿ ಗೋಲ್ ಜಡ್ಜ್ ಮೆಟ್ರೋ ಪಾಲಮಾರ್ಚುಕ್ ಕಣ್ಣು ಮುಚ್ಚಿ, ಕೈ ಜೋಡಿಸಿ ನಿಂತಿದ್ದ. ನಮ್ಮ ಕಡೆ ದ್ಮಿತ್ರೋ ಎಂದು ಹೆಸರಿಟ್ಟ ಗಂಡುಮಕ್ಕಳೆಲ್ಲ ಬೆಳೆಯುತ್ತ ಮೆಟ್ರೋ ಆಗಿಬಿಡುತ್ತಾರೆ. ಈ ಮೆಟ್ರೋ ಓಡಿಸುತ್ತಿದ್ದದ್ದು ಮಾತ್ರ ಶಾಲೆಯ ಬಸ್ಸು. ಸತ್ತವನಿಗೆ ಮರ್ಯಾದೆ ತೋರಿಸಲೆಂದು ಅವನು ಕಿವಿ ಮುಚ್ಚುವ ತುಪ್ಪಳದ ಟೋಪಿ ತೆಗೆದಿದ್ದ. ಕೈಗವಸುಗಳನ್ನು ಅದರೊಳಗೆ ತುರುಕಿದ್ದ. ಟೋಪಿಯನ್ನು ಮುಂದಿನ ಹಲಗೆಯ ಮೇಲಿಟ್ಟಿದ್ದ. ಹಲಗೆಯ ಮೇಲೆ ದೀಪದ ಗುಂಡಿ ಇತ್ತು. ಟೋಪಿ ತೆಗೆದು ಊರಿಗೆ ಟೋಪಿ ಹಾಕಿದವರು ಸಸ್ಕಾಚೆವಾನಿನ ಚರಿತ್ರೆಯಲ್ಲಿ ಬೇರೆ ಯಾರೂ ಇರಲಾರರು.

ಐಸ್ ಹಾಕಿಯಲ್ಲಿ ಆಡದೆ ಇರುವವರಿಗೂ ಕೈತುಂಬ ಕೆಲಸ. ತೋಳಿಗೆ ಕಿತ್ತಳೆ ಪಟ್ಟಿ ಕಟ್ಟಿದ ರೆಫ್ರಿ ತಪ್ಪು ಹಿಡಿಯುತ್ತಾನೆ, ಹಿಡಿದದ್ದಕ್ಕೆ ಒಂದು ಕಡೆಯವರಿಂದ, ಹಿಡಿಯದ್ದಕ್ಕೆ ಇನ್ನೊಂದು ಕಡೆಯವರಿಂದ ಬೈಸಿಕೊಳ್ಳುತ್ತಾನೆ. ಪಟ್ಟೆ ಅಂಗಿಯ ಇಬ್ಬರು ಲೈನ್ಸ್‌ಮನ್‌ಗಳು ನೀಲಿ ಗೆರೆಗಳನ್ನು ಕಾಯುತ್ತಾರೆ. ಆಟಗಾರರು ಕೈಗವಸು ಬಿಸಾಡಿ ಗುದ್ದಾಟಕ್ಕಿಳಿದರೆ, ಇಬ್ಬರೂ ಸುಸ್ತಾಗುವವರೆಗೆ ಕಾದು, ಆಮೇಲೆ ನಡುವೆ ನುಗ್ಗಿ ಉಳಿದ ಏಟುಗಳನ್ನು ತಾವು ತಿನ್ನುತ್ತಾರೆ. ತಪ್ಪು ಮಾಡಿದವನನ್ನು ಕೂರಿಸುವ ಕಟಕಟೆಗೆ ಒಬ್ಬ ಬಾಗಿಲು ಕಾಯುವವನು. ಗಡಿಯಾರಕ್ಕೆ ವೇರಾ. ಗೋಲ್ ಜಡ್ಜ್ ಆದವನಿಗೆ ಮಾತ್ರ ಒಂದು ಕುರ್ಚಿ, ಒಂದು ಗುಂಡಿ, ಒಂದೇ ಪ್ರಶ್ನೆ: ಪಕ್ ಗೆರೆಯನ್ನು ಪೂರ್ತಿ ದಾಟಿತೇ, ಇಲ್ಲವೇ? ಒಂದೊಂದು ಅವಧಿ ಮುಗಿದಾಗಲೂ ತಂಡಗಳು ಕಡೆ ಬದಲಾಯಿಸಿಕೊಳ್ಳುತ್ತವೆ. ಅವನು ಮಾತ್ರ ಕೂತಲ್ಲೇ ಕೂತಿರುತ್ತಾನೆ. ಎದುರಿಗಿರುವ ಗೋಲು ತನ್ನ ಊರಿನದೋ ಪರರದೋ ಎಂದು ಅವನು ನೋಡುವಂತಿಲ್ಲ. ಅವನು ಗುಂಡಿ ಒತ್ತಿದರೆ ಒಬ್ಬರಿಗೆ ಗೋಲು, ಇನ್ನೊಬ್ಬರಿಗೆ ಗೋಳು. ರೆಫ್ರಿಗೆ ಇಷ್ಟವಿಲ್ಲದಿದ್ದರೆ ದೀಪದ ಮಾತನ್ನು ತಳ್ಳಿಹಾಕಬಹುದು. ಮೆಟ್ರೋನ ದೀಪವನ್ನು ತಳ್ಳಿಹಾಕಿದ ರೆಫ್ರಿ ನಮ್ಮ ಸೀಮೆಯಲ್ಲಿ ಇರಲಿಲ್ಲ.

ಅದಕ್ಕೆ ಕಾರಣ ಆ ಫೈನಲ್.

ವೇರಾ ಆಗ ಎರಡು ಜಡೆಯ ಹುಡುಗಿ. ಝೋರಿಯಾದವರು ಎಲ್ಲದರಲ್ಲೂ ಜೋರು, ಕಪ್ ಗೆಲ್ಲುವುದೊಂದನ್ನು ಬಿಟ್ಟು. ಆ ವರ್ಷ ಅದೂ ಆಗುವುದರಲ್ಲಿತ್ತು. ಮೂರನೇ ಅವಧಿ, ಎರಡೂ ಕಡೆ ಸಮಸಮ. ನೆಸ್ಟರ್ ಗೋಲು ಕಾಯುತ್ತಿದ್ದ. ಕಾಲ್ಡರ್‌ವುಡ್‌ನವರು ಗುಂಪಾಗಿ ನುಗ್ಗಿದರು. ನೆಸ್ಟರ್ ಪಕ್ಕಿನ ಮೇಲೆ ಬೋರಲು ಬಿದ್ದ, ಅವನ ಮೇಲೆ ಏಳೆಂಟು ಜನ ಬಿದ್ದರು. ಪಕ್ ಎಲ್ಲಿದೆಯೆಂದು ದೇವರಿಗೇ ಗೊತ್ತು ಎಂಬ ಸ್ಥಿತಿ. ಆಗ ಕೆಂಪು ದೀಪ ಹೊತ್ತಿತು. ರೆಫ್ರಿ ಜಾರುತ್ತ ಬಂದು ಗಾಜಿಗೆ ಮೂಗು ಒತ್ತಿ, "ಒಳಗೆ ಹೋಯ್ತಾ?" ಎಂದು ಕೇಳಿದ. ಮೆಟ್ರೋ ಎರಡೂ ಕೈ ಮೇಲೆತ್ತಿ, ಗಾಜು ಗುದ್ದಿ, "ಹೋಯ್ತು, ಹೋಯ್ತು, ಪೂರ್ತಿ ಹೋಯ್ತು" ಎಂದ. ಕಪ್ಪೂ ಹೋಯಿತು, ಕಾಲ್ಡರ್‌ವುಡ್‌ಗೆ.

ಆಟ ಮುಗಿದು, ಜನರೆಲ್ಲ ಗಾಡಿ ಹತ್ತಿ ಹೋದ ಮೇಲೂ ಮೆಟ್ರೋ ಗೂಡಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತೇ ಇದ್ದನಂತೆ. ಮುಂದಿನ ಭಾನುವಾರ ಪಾದ್ರಿಗಳು ಅದನ್ನೇ ಹಿಡಿದು ಪ್ರವಚನ ಮಾಡಿದರು. ಸ್ವಂತ ಊರಿನ ವಿರುದ್ಧ, ಅದೂ ಒಮ್ಮೆ ಕೇಳಿದ್ದಕ್ಕೆ ಮೂರು ಸಲ ಸತ್ಯ ಹೇಳಿದ ಮನುಷ್ಯ. ಗುಂಡಿ ಒತ್ತುವುದಕ್ಕೂ ಗುಂಡಿಗೆ ಬೇಕು ಎಂದು ಊರು ತಲೆದೂಗಿತು. ತಲೆದೂಗುತ್ತಲೇ ಒಂದು ವರ್ಷ ಅವನ ಜೊತೆ ಮಾತು ಬಿಟ್ಟಿತು. ಅಂದಿನಿಂದ ಕಾಲ್ಡರ್‌ವುಡ್‌ನವರು ನಮ್ಮ ರಿಂಕಿಗೆ ಬರುವಾಗ ತಮ್ಮ ಕಡೆಯ ಜಡ್ಜ್‌ನನ್ನು ಕರೆತರುವುದನ್ನೇ ನಿಲ್ಲಿಸಿದರು. "ಮೆಟ್ರೋ ಇದಾನಲ್ಲ" ಎನ್ನುತ್ತಿದ್ದರು.

ನೆಸ್ಟರ್ ಮಾತ್ರ ಒಪ್ಪಲಿಲ್ಲ. "ಪಕ್ ಗೆರೆ ಮೇಲಿತ್ತು, ನಾನು ಪಕ್ ಮೇಲಿದ್ದೆ. ನನ್ನ ಹೊಟ್ಟೆಗೆ ಗೊತ್ತು" ಎನ್ನುತ್ತಿದ್ದ. ಮೆಟ್ರೋನ ಬಸ್ಸು ಹಿಮದಲ್ಲಿ ಹೂತುಹೋದರೆ ಟ್ರ್ಯಾಕ್ಟರ್ ತಂದು ಎಳೆಯುತ್ತಿದ್ದ, ಆದರೆ ಒಂದು ಮಾತೂ ಆಡುತ್ತಿರಲಿಲ್ಲ. ವೇರಾ ದಿನಾ ಅದೇ ಬಸ್ಸಿನಲ್ಲಿ, ಮೆಟ್ರೋನ ಹಿಂದಿನ ಸೀಟಿನಲ್ಲೇ ಕೂತು ಶಾಲೆಗೆ ಹೋದಳು. ಅವನ ಕೆಂಪು ಕತ್ತು ನೋಡುತ್ತ, ಈ ತಲೆಯೊಳಗೆ ಆ ಪಕ್ ಎಲ್ಲಿ ಬಿದ್ದಿದೆಯೋ ಎಂದು ಯೋಚಿಸುತ್ತ ಬೆಳೆದಳು. ಕೇಳುವ ಧೈರ್ಯ ಬರಲಿಲ್ಲ. ಅಪ್ಪ ಸುಳ್ಳೋ, ಮೆಟ್ರೋ ಮಾಮ ಸುಳ್ಳೋ? ಎರಡರಲ್ಲಿ ಯಾವ ಉತ್ತರ ಬಂದರೂ ಮನೆಗೆ ಹೋಗುವ ದಾರಿ ಉದ್ದವಾಗುತ್ತಿತ್ತು.

ಟೋಪಿಯ ಪ್ರಕರಣ ಆದ ಮೂರನೇ ದಿನ ರಿಂಕಿನ ಅಡುಗೆಮನೆಯಲ್ಲಿ ಸಮಿತಿ ಸೇರಿತು. ಪಾಲಿ ಚಿಕ್ಕಮ್ಮ ಶನಿವಾರದ ಪಂದ್ಯಕ್ಕೆಂದು ಆಲೂಗಡ್ಡೆ ತುಂಬಿದ ಪಿರೋಹಿ ಕಡುಬುಗಳ ಅಂಚು ಒತ್ತುತ್ತ ಕೂತಿದ್ದಳು. ಆ ಅಡುಗೆಮನೆ ನಡೆಸುವವಳು ಅವಳೇ. ಅವಳಿಲ್ಲದೆ ಸಮಿತಿ ನಡೆಯುತ್ತಿರಲಿಲ್ಲ, ಅವಳಿದ್ದರೆ ಅಧ್ಯಕ್ಷರ ಮಾತು ನಡೆಯುತ್ತಿರಲಿಲ್ಲ. ಅಧ್ಯಕ್ಷ ಕ್ಲೆಮ್ ಸವ್ಚುಕ್, ಬಿತ್ತನೆ ಬೀಜದ ವ್ಯಾಪಾರಿ, ಆ ಫೈನಲ್‌ನಲ್ಲಿ ಗೋಲು ಹೊಡೆಯಬೇಕಾದ ಫಾರ್ವರ್ಡ್ ಆಗಿ ಆಡಿದವನು.

"ಮೆಟ್ರೋ ಮೇಲೆ ನನಗೇನೂ ಹಗೆ ಇಲ್ಲ" ಎಂದು ಕ್ಲೆಮ್ ಶುರುಮಾಡಿದ. "ಆದ್ರೆ ಶನಿವಾರ ಸೆಮಿಫೈನಲ್ ಇದೆ. ಟೋಪಿಗೂ ಗೋಲು ಕೊಡೋ ಊರು ಅಂತ ಹೆಸರಾಗಿಬಿಟ್ಟಿದೆ."

"ಟೋಪಿ ಒಂದಾದ್ರೂ ಹೊಡೀತು" ಎಂದಳು ಪಾಲಿ, ಹಿಟ್ಟಿನಿಂದ ಕಣ್ಣೆತ್ತದೆ. "ಆ ಫೈನಲ್ಲಲ್ಲಿ ನೀನೆಷ್ಟು ಹೊಡೆದಿದ್ದೆ ಕ್ಲೆಮ್?"

"ಪಾಲಿ, ಇದು ಅಧಿಕೃತ ಸಭೆ."

"ಅದಕ್ಕೇ ಅಧಿಕೃತವಾಗಿ ಕೇಳ್ತಿದೀನಿ."

ಕ್ಲೆಮ್ ಕೆಮ್ಮಿ ಮುಂದುವರಿದ. "ವಯಸ್ಸಾಯ್ತು ಅವನಿಗೆ. ಕಣ್ಣೂ ಮೊದಲಿನ ಹಾಗಿಲ್ಲ. ಪೂರ್ತಿ ಬಿಡಿಸೋದು ಬೇಡ, ಕಟಕಟೆ ಬಾಗಿಲಿಗೆ ಹಾಕೋಣ. ಬಸ್ಸಿನ ಬಾಗಿಲು ತೆಗೆದು ಹಾಕಿ ಅಭ್ಯಾಸ ಇದೆಯಲ್ಲ. ಅಲ್ಲಿ ಗುಂಡಿ ಇಲ್ಲ."

"ಆ ಗೂಡಲ್ಲದೆ ಅವನಿಗೆ ಬೇರೇನಿದೆ?" ಎಂದಳು ಪಾಲಿ. ಈ ಸಲ ಕೈ ನಿಲ್ಲಿಸಿದಳು. "ಹೆಂಡತಿ ಹೋದ್ಲು. ಬೇಸಿಗೆಗೆ ಬಸ್ಸನ್ನೂ ಬೇರೆಯವನಿಗೆ ಕೊಡ್ತಾರಂತೆ. ಆ ಕುರ್ಚಿ ಕಿತ್ಕೊಂಡ್ರೆ ಮಾರ್ಚ್‌ವರೆಗೂ ಬದುಕಲ್ಲ ಅವನು."

"ಕುರ್ಚಿ ಬಿಟ್ಟರೆ ಸಾಯ್ತೀನಿ ಅನ್ನೋರನ್ನ ನಾನು ತುಂಬ ನೋಡಿದೀನಿ."

"ನೀನು ಅಧ್ಯಕ್ಷ ಆಗಿ ಎಷ್ಟು ವರ್ಷ ಆಯ್ತು?"

ಕ್ಲೆಮ್ ಮತ್ತೆ ಕೆಮ್ಮಿದ. ಆಮೇಲೆ ಎಲ್ಲರೂ ಬಾಗಿಲ ಬಳಿ ಕೈಯೊರೆಸುತ್ತ ನಿಂತಿದ್ದ ವೇರಾಳ ಕಡೆ ತಿರುಗಿದರು. ಅವಮಾನ ಆದದ್ದು ಅವಳಪ್ಪನಿಗೆ. ಅವಳು ಬೇಡ ಎಂದರೆ ಬೇಡ, ಇರಲಿ ಎಂದರೆ ಇರಲಿ ಎಂದು ಕ್ಲೆಮ್ ಜವಾಬ್ದಾರಿಯನ್ನು ಅವಳ ಕಡೆಗೆ ಸಲೀಸಾಗಿ ಜಾರಿಸಿದ. ಆಟದಲ್ಲಿದ್ದಾಗಲೂ ಪಕ್ ದಾಟಿಸುವುದರಲ್ಲಿ ಅವನದು ಒಳ್ಳೆಯ ಕೈ.

ವೇರಾ ಕೈಯೊರೆಸುವ ಬಟ್ಟೆಯನ್ನು ಮಡಿಸಿದಳು, ಬಿಡಿಸಿದಳು. ಆಸ್ಪತ್ರೆಯಲ್ಲಿ ಅಪ್ಪ ಕೊನೆಗೆ ಹೇಳಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಅಪ್ಪ ಹೋಗೋ ಮುಂಚೆ ಒಂದು ಮಾತು ಅಂದ್ರು" ಎಂದಳು. "ಹೊಟ್ಟೆಗೆ ಕಣ್ಣಿರಲ್ಲ ವೇರಾ, ಮೆಟ್ರೋಗಿತ್ತು ಅಂದ್ರು. ಸ್ವಂತ ಊರು ಸೋಲ್ತದೆ ಅಂತ ಗೊತ್ತಿದ್ದೂ ಒತ್ತಿದಾನೆ ಅಂದ್ಮೇಲೆ ದಾಟಿರ್ಬೇಕು ಬಿಡು ಅಂದ್ರು. ಅಪ್ಪನೇ ಒಪ್ಕೊಂಡ ಕಣ್ಣನ್ನ ನಾವು ಒಂದು ಟೋಪಿಗೋಸ್ಕರ ಬಾಗಿಲಿಗೆ ಹಾಕೋದಾ?"

ಪಾಲಿ ಮೂಗೊರೆಸಿಕೊಂಡು ಕೆನ್ನೆಗೆಲ್ಲ ಹಿಟ್ಟು ಮಾಡಿಕೊಂಡಳು. ಕ್ಲೆಮ್ ಕಿಟಕಿಯಾಚೆ ನೋಡಿದ.

"ಸರಿ ಹಂಗಾದ್ರೆ" ಎಂದ. "ಟೋಪಿ ಮಾತ್ರ ನೆಲದ ಮೇಲಿಡ್ಲಿ."

ವೇರಾ ಅಲ್ಲಿಂದ ಸೀದಾ ರಿಂಕಿನೊಳಗೆ ಹೋದಳು. ಬೆಳಕಿನ್ನೂ ಇತ್ತು. ಖಾಲಿ ಮಂಜುಗಡ್ಡೆ ಹಾಲಿನ ಕೆನೆಯ ಹಾಗೆ ಹೊಳೆಯುತ್ತಿತ್ತು. ಮೆಟ್ರೋ ತನ್ನ ಗೂಡಿನ ಗಾಜಿಗೆ ಕಟ್ಟಿದ್ದ ಇಬ್ಬನಿಗಡ್ಡೆಯನ್ನು ಬಸ್ಸಿನ ಕೆರೆಯುವ ಪಟ್ಟಿಯಿಂದ ಕೆರೆಯುತ್ತಿದ್ದ. ಟೋಪಿ ತಲೆಯ ಮೇಲೆ ಭದ್ರವಾಗಿತ್ತು, ಗದ್ದದ ಕೆಳಗೆ ದಾರವನ್ನೂ ಕಟ್ಟಿಕೊಂಡಿದ್ದ.

"ಏನ್ ಮಾಡ್ತಿದೀರಾ ಮಾಮ?"

"ಮುಂದೆ ಕೂರೋನಿಗೆ ಚೆನ್ನಾಗಿ ಕಾಣ್ಲಿ ಅಂತ." ಅವನು ತಿರುಗಲಿಲ್ಲ. "ಕ್ಲೆಮ್ ನಿನ್ನನ್ನ ಕಳಿಸಿದ್ನಾ? ಅವನೇ ಬರಬಹುದಿತ್ತು. ಬಾಗಿಲಿಗೆ ಹಾಕ್ತಾನೆ ಅಂತ ಆಗ್ಲೇ ಕೇಳ್ದೆ, ಬಾಗಿಲಲ್ಲೇ ಇರ್ತೀನಿ."

"ಬಾಗಿಲೂ ಇಲ್ಲ, ಏನೂ ಇಲ್ಲ. ಕುರ್ಚಿ ನಿಮ್ದೇ. ಟೋಪಿ ನೆಲದ ಮೇಲಿಡ್ಬೇಕಂತೆ, ಅಷ್ಟೇ."

ಮೆಟ್ರೋ ಪಟ್ಟಿಯನ್ನು ಕೆಳಗಿಟ್ಟ. ಕುರ್ಚಿಯಲ್ಲಿ ಕೂತ. ಅದು ತನ್ನದೇ ಹೌದೋ ಎಂದು ನೋಡುವವನಂತೆ ಎರಡೂ ಕೈಗಳಿಂದ ಅದರ ಅಂಚನ್ನು ಸವರಿದ.

"ನಿಮ್ಮಪ್ಪ ಶವಪೆಟ್ಟಿಗೆಯಿಂದ ಎದ್ದು ಬಂದು ಒದೀತಾನೆ ಅಂದ್ಕೊಂಡಿದ್ದೆ" ಎಂದ. "ಅಷ್ಟೂ ಜನರ ಮುಂದೆ, ವೇರಾ. ಕಣ್ಣು ಬಿಟ್ಟು ನೋಡ್ತೀನಿ, ಎದುರಿಗೆ ಎಲ್ಲಾ ಕೆಂಪು."

"ನಾನು ನಕ್ಕುಬಿಟ್ಟೆ ಮಾಮ. ಅಪ್ಪ ಇದ್ದಿದ್ರೂ ನಗ್ತಿದ್ರು."

"ನಗ್ತಿರ್ಲಿಲ್ಲ ಅವನು."

"ಹೌದು, ನಗ್ತಿರ್ಲಿಲ್ಲ."

ಇಬ್ಬರೂ ನಕ್ಕರು. ವೇರಾ ಗೂಡಿನ ಮೆಟ್ಟಿಲ ಮೇಲೆ ಕೂತಳು. ಅಲ್ಲಿಂದ ಗೋಲಿನ ಗೆರೆ ಮಂಜಿನಡಿ ಕೆಂಪಗೆ, ಒಂದು ಬೆರಳಗಲ ಹೊಲಿದ ಹಾಗೆ ಕಾಣುತ್ತಿತ್ತು. ಇಷ್ಟು ಹತ್ತಿರದಿಂದ ಅವಳು ಅದನ್ನು ನೋಡಿದ್ದೇ ಇಲ್ಲ. ಅವಳ ಗಡಿಯಾರ ಇರುವುದು ನಡುಭಾಗದಲ್ಲಿ. ಇಲ್ಲಿ ಕೂತರೆ ಸುಳ್ಳು ಹೇಳುವುದೇ ಕಷ್ಟ ಎನ್ನಿಸಿತು. ಬಸ್ಸಿನಲ್ಲಿ ಅವನ ಕತ್ತಿನ ಹಿಂದೆ ಕೂತು ನುಂಗಿಕೊಂಡಿದ್ದ ಪ್ರಶ್ನೆ ಈಗ ಅವನ ಮುಖದೆದುರು ತಾನಾಗಿ ಬಾಯಿಗೆ ಬಂತು.

"ಅಪ್ಪ ಕೊನೇಲಿ ಒಪ್ಕೊಂಡ್ರು ಮಾಮ. ಮೆಟ್ರೋ ಕಣ್ಣೇ ಸರಿ, ದಾಟಿರ್ಬೇಕು ಅಂದ್ರು. ಈಗ್ಲಾದ್ರೂ ನಂಗೆ ಹೇಳಿ. ಅವತ್ತು ಪಕ್ ಗೆರೆ ದಾಟಿದ್ದು ಪಕ್ಕಾನಾ?"

ಮೆಟ್ರೋ ಆ ಗೆರೆಯ ಕಡೆ ನೋಡಿದ. ಗದ್ದದ ಕೆಳಗಿನ ದಾರ ಬಿಚ್ಚಿ, ಟೋಪಿ ತೆಗೆದು, ಬಗ್ಗಿ ನೆಲದ ಮೇಲಿಟ್ಟ.

"ಯಾರಿಗೆ ಗೊತ್ತಮ್ಮ" ಎಂದ. "ಪಾಲಿಯ ಪಿರೋಹಿ ಸಾಲಲ್ಲಿ ನಿಂತು ತಡವಾಗಿ ಬಂದೆ, ಕನ್ನಡಕಕ್ಕೆಲ್ಲ ಹಬೆ ಹಿಡಿದಿತ್ತು. ತಂಡಗಳು ಕಡೆ ಬದಲಾಯ್ಸಿದ್ದು ಮರ್ತೇ ಹೋಗಿತ್ತು. ನಮ್ಮೋರೇ ಹೊಡೆದ್ರು ಅಂದ್ಕೊಂಡು ಒತ್ತಿಬಿಟ್ಟೆ."