ಗಾಡಿಮನೆಯ ಮುಸುರಿ ಬಕೀಟು

ಇವತ್ತು ಬೆಳಿಗ್ಗೆ ಹುಬ್ಬಳ್ಳಿಯಿಂದ ಬಂದ ಪಾರ್ಸಲ್ ಬಿಚ್ಚಿದೆ. ಒಳಗಿದ್ದದ್ದು ಒಂದು ಪಂಪು, ಅದೂ ಹೊಲಸು ನೀರು ಎತ್ತಿ ಹಾಕುವ ಪಂಪು. ಹೊಸ ಸೀರೆಯನ್ನು ಮೂಸುವ ಹಾಗೆ ಅದನ್ನು ಮೂಗಿನ ಹತ್ತಿರ ಹಿಡಿದು ರಬ್ಬರಿನ ವಾಸನೆ ಎಳೆದುಕೊಂಡೆ. ನಮ್ಮವರು ಪೇಪರಿನ ಮೇಲಿಂದ ಒಮ್ಮೆ ಕಣ್ಣೆತ್ತಿ ನೋಡಿ ಮತ್ತೆ ಪೇಪರಿಗೆ ಹೋದರು. ಪಂಪನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ; ಅಲ್ಲಿ ಸರಿಯಲ್ಲವೆನ್ನಿಸಿ ಪಡಸಾಲೆಗೆ ತಂದೆ; ಅಲ್ಲಿಂದ ಅಂಗಳಕ್ಕೆ. ಬೆಳಗಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಕಾರಣ ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತುಬಳಸಿ ಬರಬೇಕಾಗುತ್ತದೆ. ಬನ್ನಿ.

ನಮ್ಮ ಅಂಗಳದ ಬೇವಿನ ಮರದ ಕೆಳಗೆ ಒಂದು ಮುದಿ ಮೋಟಾರು ಗಾಡಿ ನಿಂತಿದೆ. ಗಾಡಿಯೊಳಗೆ ಒಂದು ಮನೆಯೇ ಇದೆ: ಮಲಗಲು ಹಲಗೆ, ಗ್ಯಾಸಿನ ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಮೂಲೆಯಲ್ಲಿ ಚಿಲಕ ಹಾಕಿಕೊಳ್ಳುವ ಪುಟ್ಟ ಪಾಯಖಾನೆ. ಯಾರೋ ಪರದೇಶದ ಗಂಡಹೆಂಡತಿ ಗೋವಾದಿಂದ ಹಂಪಿಗೆ ಹೊರಟಿದ್ದರಂತೆ. ಗದಗ ದಾಟುವ ಮೊದಲೇ ಎಂಜಿನ್ ಕೈಕೊಟ್ಟಿತು, ಗಾಡಿಯನ್ನು ಒಂದು ಗ್ಯಾರೇಜಿನಲ್ಲಿ ಬಿಟ್ಟು ಅವರು ರೈಲು ಹತ್ತಿದರು. ಆಮೇಲೆ ಎಷ್ಟೋ ವರ್ಷ ಅದರಲ್ಲಿ ಕೋಳಿಗಳು ಸಂಸಾರ ಮಾಡಿದವು. ಅಂಥದ್ದನ್ನು ಬೆಟಗೇರಿಯ ನಮ್ಮ ಕಾಕಾ ಮನೆಗೆ ಎಳೆಸಿಕೊಂಡು ಬಂದ. ನಾನಾಗ ಕಾಲೇಜು ಓದಲು ಕಾಕಾ ಕಾಕಿಯ ಮನೆಯಲ್ಲೇ ಇದ್ದೆ.

"ಇರೂ ಮನೀಗೇ ಸುಣ್ಣ ಹಚ್ಚಿಲ್ಲ, ಗಾಡಿಮನಿ ಯಾಕ ಬೇಕೋ ನಿನಗ?" ಎಂದು ಓಣಿಯವರು ಕೇಳುತ್ತಿದ್ದರು.

"ಬೇಕು," ಎನ್ನುತ್ತಿದ್ದ ಕಾಕಾ. ಅವನ ಉತ್ತರ ಅಷ್ಟೇ. ಊಟಕ್ಕೆ ಕೂತವನು ಏನೋ ನೆನಪಾಗಿ ಎಂಜಲುಗೈಯಲ್ಲೇ ಎದ್ದು ಗಾಡಿಯ ಕಡೆ ಓಡುವವನು ಅವನು. ನನಗೂ ಆ ಗಾಳಿ ಸೋಕಿತು. ಪರೀಕ್ಷೆಯ ಪುಸ್ತಕ ಬಿಟ್ಟು ಅವನ ಹತ್ತಿರ ಗಾಡಿ ಹೊಡೆಯುವುದನ್ನು ಕಲಿತೆ. ಪರೀಕ್ಷೆ ಏನಾಯಿತೆಂದು ನೀವು ಕೇಳಬೇಡಿ.

ಗಾಡಿ ಯಾಕೆ ಬೇಕೆಂಬುದು ಕಾಕಾನಿಗೆ ಮತ್ತು ನನಗೆ ಮಾತ್ರ ಗೊತ್ತಿತ್ತು. ಕಾಕಿಯ ತವರು ಬಾಳೆಹೊಸೂರು. ಶಿರಹಟ್ಟಿ, ಲಕ್ಷ್ಮೇಶ್ವರ ದಾಟಿದರೆ ಬಂತು, ದೂರವೇನಲ್ಲ. ಆದರೆ ಸಕ್ಕರೆ ಕಾಯಿಲೆ ಬಂದಾಗಿನಿಂದ ಅವಳಿಗೆ ಮೇಲಿಂದ ಮೇಲೆ ಒಂದಕ್ಕೆ ಹೋಗಬೇಕಾಗುತ್ತಿತ್ತು. ಬಸ್ಸು ನಿಂತಲ್ಲಿ ಗಂಡಸರಿಗೆ ಗೋಡೆ ಸಿಗುತ್ತದೆ, ಹೆಂಗಸು ಎಲ್ಲಿ ಹೋಗಬೇಕು? ಊರಿಗೆ ಹೋಗುವುದೆಂದರೆ ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಿದ್ದಳು. ಬರಬರುತ್ತಾ ಊರಿಗೆ ಹೋಗುವುದನ್ನೇ ಬಿಟ್ಟಳು. ಕೇಳಿದವರಿಗೆ "ಮೊಣಕಾಲು ನೋವು" ಎನ್ನುತ್ತಿದ್ದಳು. ಮೊಣಕಾಲು ಗಟ್ಟಿಮುಟ್ಟಾಗಿಯೇ ಇದ್ದವು. ಏಣಿ ಹತ್ತಿ ಅಟ್ಟದ ಮೇಲಿನ ಶೇಂಗಾ ಡಬ್ಬಿ ಇಳಿಸುತ್ತಿದ್ದವಳು ಅವಳೇ.

ಒಂದು ದಿನ ಸೊಪ್ಪು ಸೋಸುತ್ತಾ ಕೂತಾಗ ಅವಳು ತನ್ನ ಅವ್ವ ಸತ್ತ ದಿನದ ಸುದ್ದಿ ತೆಗೆದಳು. ಅವ್ವನಿಗೆ ಹೆಚ್ಚಾಗಿದೆಯೆಂದು ಖಬರು ಬಂದ ಕೂಡಲೇ ಬಸ್ಸು ಹತ್ತಿದ್ದಳು. ಅರ್ಧ ದಾರಿಯಲ್ಲಿ ತಡೆಯಲಾಗಲಿಲ್ಲ. ಬಸ್ಸು ಜನ ಇಳಿಸಲು ನಿಂತಾಗ ಯಾರಿಗೂ ಹೇಳದೆ ಇಳಿದಳು. ತಿರುಗಿ ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಮುಂದಿನ ಬಸ್ಸಿಗೆ ಊರು ಮುಟ್ಟಿದಾಗ ಎಲ್ಲ ಮುಗಿದಿತ್ತು.

"ನನ್ನ ಹೆಸರು ಹಿಡದು ಕರಿಯಾಕತ್ತಿದ್ಲಂತ," ಎಂದಳು ಕಾಕಿ, ಸೊಪ್ಪಿನಿಂದ ಕಣ್ಣೆತ್ತದೆ. "ನಾ ಜಾಲಿಗಿಡದ ಹಿಂದ ಕುಂತಿದ್ದೆ ಆವಾಗ. ಯಾರ ಮುಂದೂ ಹೇಳಬ್ಯಾಡ."

ನಾನು ಕಾಕಾನ ಮುಂದೆ ಹೇಳಿದೆ. ಹೇಳಿದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ. ಅವನು ಮರುದಿನದಿಂದ ಆ ಗ್ಯಾರೇಜಿನ ಸುತ್ತ ತಿರುಗಲು ಶುರುಮಾಡಿದ.

ಎಂಜಿನ್ ರಿಪೇರಿಯಾಗಿ ಗಾಡಿ ಸಜ್ಜಾದಾಗ ನಾಗರ ಪಂಚಮಿ ಹತ್ತಿರ ಬಂದಿತ್ತು. ನಮ್ಮ ಕಡೆ ಪಂಚಮಿಗೆ ತವರಿಗೆ ಹೋಗದ ಹೆಣ್ಣೆಂದರೆ ಓಣಿಯೆಲ್ಲ ಮರುಗುತ್ತದೆ. "ಈ ಸಲ ಉಂಡಿ ಕಟ್ಟು, ಬಾಳೆಹೊಸೂರಿಗೆ ಹೋಗೂದೈತಿ," ಎಂದು ಕಾಕಾ ಸಾರಿದ. ಮೊದಲು ಶಿರಹಟ್ಟಿಯವರೆಗೆ ಹೋಗಿ ನೋಡಿದೆವು. ಕಾಕಿ ಗಾಡಿಯಲ್ಲೇ ಬಿಸಿ ರೊಟ್ಟಿ ಬಡಿದಳು. ಊಟವಾದ ಮೇಲೆ ಒಂದು ಚೊಂಬು ನೀರನ್ನು, ಹೊಲದ ನಡುವಿನ ರಸ್ತೆಯಲ್ಲಿ, ನಮ್ಮಿಬ್ಬರ ಎದುರಿಗೆ ಗಟಗಟ ಕುಡಿದಳು. ಪ್ರಯಾಣದಲ್ಲಿ ಅವಳು ನೀರು ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮನೆಗೆ ಬಂದು ಗಾಡಿಯ ತಳದ ಟಾಕಿಯನ್ನು ಬರಿದು ಮಾಡಲು ಹೋದರೆ ಪಂಪು ಗುರುಗುಟ್ಟಿ ನಿಂತುಬಿಟ್ಟಿತು. ತೊಟ್ಟಿಯ ನೀರೂ ಪಾಯಖಾನೆಯದ್ದೂ ಬಂದು ಸೇರುವ ಒಂದೇ ಟಾಕಿ ಅದು. ಓಣಿಯ ತುಂಬ ನಾತ. ಕಾಕಿ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. "ಹೊಲಸು ಹೊತಗೊಂಡು ತವರಮನಿ ಬಾಗಲಕ್ಕ ಹೋಗ್ಲೇನ್ರಿ? ನಾ ಒಲ್ಲೆ," ಎಂಬ ಮಾತು ಒಳಗಿನಿಂದಲೇ ಬಂತು.

"ಪಂಪಿಗೆ ವಯಸ್ಸಾಗೇತಿ, ಮತ್ತೇನಿಲ್ಲ," ಎಂದ ಕಾಕಾ ಹುಬ್ಬಳ್ಳಿಗೆ ಹೋಗಿ ಹೊಸದು ತಂದ. ಮೂಗಿಗೆ ವಸ್ತ್ರ ಕಟ್ಟಿಕೊಂಡು ಗಾಡಿಯ ಕೆಳಗೆ ಮಲಗಿದ. ಬ್ಯಾಟರಿ ಹಿಡಿದವಳು ನಾನು. ಮೂಗು ಮುಚ್ಚಲೋ ಬೆಳಕು ತೋರಿಸಲೋ ತಿಳಿಯದೆ ಒದ್ದಾಡಿ ಬೈಸಿಕೊಂಡೆ. ಹೊಸ ಪಂಪು ಕೂತಿತು. ಮುಂಡರಗಿ ಕಡೆ ಹೋಗಿ, ಮತ್ತೆ ರೊಟ್ಟಿ ಉಂಡು, ಖುಷಿಯಿಂದ ಬಂದೆವು. ಬಂದು ನೋಡಿದರೆ ಹೊಸ ಪಂಪೂ ಗುರುಗುಟ್ಟಿ ನಿಂತಿತು.

ಪಂಚಮಿಯ ಎಳ್ಳು ಶೇಂಗಾ ಉಂಡಿ ಆಗಲೇ ಡಬ್ಬಿ ಸೇರಿದ್ದವು. ಮನೆಯಲ್ಲಿ ಯಾರಿಗೂ ಯಾರ ಮುಖ ನೋಡಲೂ ಆಗಲಿಲ್ಲ. ಕಾಕಾ ಪಂಪನ್ನು ಬಿಚ್ಚಿ ಕಲ್ಲಿನ ಮೇಲಿಟ್ಟ. ಒಳಗಿನ ರಬ್ಬರಿನ ಮುಚ್ಚಳಕ್ಕೆ ಬಿಳಿಯದೇನೋ ಅಂಟಿನ ಹಾಗೆ ಮೆತ್ತಿಕೊಂಡಿತ್ತು. ಬೆರಳಿಂದ ಕೆರೆದ, ಉಜ್ಜಿ ನೋಡಿದ, ಧೈರ್ಯ ಮಾಡಿ ಮೂಸಿದ. ಹುಳಿ ವಾಸನೆ.

"ಇದು ಪಾಯಖಾನಿದಲ್ಲಲೇ!" ಎಂದು ಕೂಗಿದ. "ಜ್ವಾಳದ ಹಿಟ್ಟು!"

ನಿಮ್ಮಲ್ಲಿ ಜೋಳದ ರೊಟ್ಟಿ ಮಾಡುವವರಿಗೆ ಇಷ್ಟರಲ್ಲಿ ತಿಳಿದಿರುತ್ತದೆ. ರೊಟ್ಟಿಗೆ ಸವರಿ ಉಳಿದ ನೀರು, ಹಿಟ್ಟು ನಾದಿದ ಪರಾತ ತೊಳೆದ ನೀರು, ಇದನ್ನು ನಮ್ಮ ಮನೆಗಳಲ್ಲಿ ಬಚ್ಚಲಿಗೆ ಚೆಲ್ಲುವುದಿಲ್ಲ. ಅದು ಮುಸುರಿ, ಎಮ್ಮೆಯ ಪಾಲು. ಗಾಡಿಯಲ್ಲಿ ಎಮ್ಮೆ ಎಲ್ಲಿಂದ ಬರಬೇಕು? ಕಾಕಿ ಅದನ್ನೆಲ್ಲ ತೊಟ್ಟಿಗೆ ಸುರಿದಿದ್ದಳು. ರೊಟ್ಟಿ ತಿನ್ನದವರು ಮಾಡಿದ ಪಂಪು ಅದು, ಪಾಪ, ಎಷ್ಟೆಂದು ನುಂಗೀತು?

ಕಾಕಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. "ನನ್ನ ಹಾದಿ ನಾನ ಅಡ್ಡಗಟ್ಟಿದ್ನಲ್ಲರೀ," ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಾಕಾ ಅವಳಿಗೆ ರೊಟ್ಟಿ ಮಾಡಬೇಡವೆನ್ನಲಿಲ್ಲ. ಪಂಪು ತೊಳೆದು ಕೂರಿಸಿದ. ತೊಟ್ಟಿಯ ಪಕ್ಕದಲ್ಲಿ ಒಂದು ಕೊಕ್ಕೆ ಹೊಡೆದು ಬಕೀಟು ತೂಗುಹಾಕಿದ. "ಮುಸುರಿ ಇದರಾಗ ಹಾಕು. ಎಮ್ಮಿ ಕಂಡಲ್ಲಿ ನಿಲ್ಲಸತೀನಿ, ಆತಿಲ್ಲೋ?" ಎಂದ.

ಖರೆ ಹೇಳಬೇಕೆಂದರೆ ಬಾಳೆಹೊಸೂರಿನ ಆ ಪ್ರಯಾಣ ಮುಗಿಯಲೇ ಇಲ್ಲವೆನ್ನಿಸಿತು. ರಸ್ತೆ ಬದಿಯಲ್ಲಿ ಎಮ್ಮೆ ಕಂಡರೆ ಸಾಕು, ಕಾಕಿ ಬಕೀಟು ಹಿಡಿದು ಇಳಿಯುತ್ತಿದ್ದಳು. ಎಮ್ಮೆಯ ಮನೆಯವರು ಮೊದಲು ದಂಗಾಗುತ್ತಿದ್ದರು, ಆಮೇಲೆ "ಕುಂಡ್ರಿ, ಚಾ ಕುಡದು ಹೋಗ್ರಿ" ಎನ್ನುತ್ತಿದ್ದರು. ಮುಖ ಮರೆಸಿಕೊಂಡು ಜಾಲಿಗಿಡ ಹುಡುಕುತ್ತಿದ್ದ ಹೆಂಗಸು ಈಗ ಕಂಡವರ ಅಂಗಳದಲ್ಲಿ ಕೂತು ಹರಟುತ್ತಿದ್ದಳು. ಕಾಕಾ ಹಾರ್ನು ಹೊಡೆದು ಹೊಡೆದು ಸೋತ. ತವರಿನ ಬಾಗಿಲಲ್ಲಿ ಅವಳ ಅಕ್ಕ ಕಾಲಿಗೆ ನೀರು ಕೊಟ್ಟು, "ಮೊಣಕಾಲು ಹೆಂಗದಾವ?" ಎಂದು ಕೇಳಿದಳು. "ಈಗ ಆರಾಮ," ಎಂದಳು ಕಾಕಿ. ಆಮೇಲೆ ಅವ್ವನ ಕೋಣೆಗೆ ಹೋಗಿ ಒಬ್ಬಳೇ ಬಹಳ ಹೊತ್ತು ಕೂತಿದ್ದಳು. ನಾವ್ಯಾರೂ ಆ ಕಡೆ ಹೋಗಲಿಲ್ಲ.

ಈಗ ಕಾಕಾನೂ ಇಲ್ಲ, ಕಾಕಿಯೂ ಇಲ್ಲ. ಗಾಡಿ ನನ್ನ ಪಾಲಿಗೆ ಬಂತು, ಅದರ ಹಿಂದೆಯೇ ಸಕ್ಕರೆ ಕಾಯಿಲೆಯೂ ಬಂತು. ಪಂಪು ಮತ್ತೆ ಕೆಟ್ಟು ವರ್ಷಗಳಾದವು, ನಾನು ಅದನ್ನು ಮುಟ್ಟಿರಲಿಲ್ಲ. ಮೊನ್ನೆ ಹಿರೇವಡ್ಡಟ್ಟಿಯಿಂದ ನನ್ನ ಅಣ್ಣ ಫೋನು ಮಾಡಿ ಪ್ರತಿ ಸಲದಂತೆ ಪಂಚಮಿಗೆ ಕರೆದ. ಪ್ರತಿ ಸಲದಂತೆ ನಾನು ಹೇಳಿದೆ: "ಮೊಣಕಾಲು ನೋವು, ಅಣ್ಣಾ." ಫೋನು ಇಟ್ಟ ಮೇಲೆ ನನ್ನ ಬಾಯಿಯ ಮಾತು ನನಗೇ ಕೇಳಿಸಿತು. ಅವತ್ತೇ ಹುಬ್ಬಳ್ಳಿಯ ಅಂಗಡಿಗೆ ಫೋನು ಮಾಡಿ ಪಂಪು ಕಳಿಸಲು ಹೇಳಿದೆ. ಪಂಪೇನೋ ಬಂತು. ಅಣ್ಣನಿಗೆ ಹೇಳಬೇಕಾದ ಮಾತನ್ನು ಮಾತ್ರ ಇನ್ನೂ ಹೇಳಿರಲಿಲ್ಲ. ಬೆಳಗಿನಿಂದ ನಾನು ಒದ್ದಾಡುತ್ತಿದ್ದದ್ದು ಅದಕ್ಕೇ.

ನೋಡಿ, ಇಷ್ಟನ್ನು ನಿಮ್ಮ ಮುಂದೆ ಹೇಳಿದ ಮೇಲೆ ಅವನ ಮುಂದೆ ಹೇಳಲು ಏನು ಧಾಡಿ? ಫೋನು ಹಚ್ಚಿದೆ.

"ಅಣ್ಣಾ, ನನಗ ಮೊಣಕಾಲು ನೋವಿಲ್ಲ. ಮ್ಯಾಲಿಂದ ಮ್ಯಾಲೆ ಒಂದಕ್ಕ ಹೋಗಬೇಕಾಗತೈತಿ. ಅದಕ್ಕ ಬಂದಿಲ್ಲ."

ಅವನ ದನಿ ಮೆತ್ತಗಾಯಿತು. "ಇಷ್ಟು ವರ್ಷ ಇದನ್ನ ಹೇಳಾಕ ಆಗಲಿಲ್ಲೇನವ್ವಾ?"

"ಗಾಡಿಮನಿ ತಗೊಂಡು ಬರ್ತೀನಿ," ಎಂದೆ.

"ಬಾ. ಕಾಕಿಯಂಗ ಹಾದ್ಯಾಗ ಮುಸುರಿ ಯಾರ ಎಮ್ಮಿಗೂ ಹಾಕಬ್ಯಾಡ ಮತ್ತ. ನಮ್ಮದು ಮೊನ್ನೆ ಈದೈತಿ."

ನಟ್ಟು ಬಿಚ್ಚುವ ಪಾನಾ ಹುಡುಕಿಕೊಂಡು ಅಂಗಳಕ್ಕೆ ಇಳಿದೆ. ನಮ್ಮವರು ಪೇಪರ್ ಮಡಚಿಟ್ಟು, ಬ್ಯಾಟರಿ ಹಿಡಿದು ಹಿಂದೆಯೇ ಬಂದರು. ಗಾಡಿಯ ಕೆಳಗೆ ತೂರುವ ಮುಂಚೆ ಒಂದು ಚೊಂಬು ನೀರು ತುಂಬಿಕೊಂಡು, ನಿಂತಲ್ಲೇ, ಪೂರ್ತಿ ಕುಡಿದೆ.