ಅವ್ವ ಕೂಡುವ ಕಟ್ಟೆ

ಭಾಗ್ಯನಗರದ ಆ ಮುದಿ ಗೌಂಡಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮನೆ ಕಟ್ಟುವುದು ನನ್ನದೂ ಕೆಲಸ. ನಾನು ಹೋದಕೂಡಲೇ ಅಳತೆ ಟೇಪು ಬಿಚ್ಚುತ್ತಿದ್ದೆ. ಅವನು ಬೀಡಿ ಕಿವಿಗೆ ಸಿಕ್ಕಿಸಿ, ಯಾವ ಓಣಿಗೆ ಹೋದರೂ ಮೊದಲು ಒಂದೇ ಮಾತು ಕೇಳುತ್ತಿದ್ದ: “ಯಾರ್ಯಾರು ಎಲ್ಲೆಲ್ಲಿ ಕುಂದರ್ತೀರ್ರಿ?”

ನಮ್ಮ ಮನೆಯನ್ನು ನಾನೇ ಹೊಸದಾಗಿ ಕಟ್ಟಿದೆ. ಬೈಕ್ ನಿಲ್ಲಿಸಲು ಮುಂದಿನ ಕಟ್ಟೆ ಒಡೆದೆ. ಅವ್ವ ಸಿಟ್ಟಾಗಿ ಆ ಗೌಂಡಿಯನ್ನು ಕರೆತಂದಳು.

“ನಾ ಕಟ್ಟತಿದ್ದಿಲ್ಲೇನಬೇ?” ಎಂದೆ.

“ಒಡಿಯೂ ಮುಂದ ನನ್ನ ಒಂದ್ ಮಾತ್ ಕೇಳಿದೇನಲೇ?”

ಗೌಂಡಿ ಅವ್ವನಿಗೂ ತನ್ನ ಅದೇ ಪ್ರಶ್ನೆ ಕೇಳಿದ. ಅವ್ವ ಹೇಳಿದಳು: “ನಾನು, ಎದುರುಮನಿ ಬೀಬಿ, ಬಾಜೂಮನಿ ಗೌಡ್ತಿ.”

ಮೂವರಿಗೂ ಸಾಕಾಗುವ ಕಟ್ಟೆ ಕಟ್ಟಿಕೊಟ್ಟ. ಈಗ ಅವನು ಊರು ಬಿಟ್ಟು ಹೋಗಿದ್ದಾನೆ. ಅವ್ವ ಮಾತ್ರ ದಿನವಿಡೀ ಅಲ್ಲೇ. ನಾನು ಕಟ್ಟಿದ ಮನೆಯೊಳಗೆ ಅವಳು ಬರುವುದು ಮಲಗಲು ಅಷ್ಟೇ.